ಗಮನ ನಿಲ್ಲದ ಮಗುವಿಗೆ ನೆರವಿನ ಸಾಧನ

ಎಡಿಎಚ್‌ಡಿ ಎಂಬ ಗಮನ ಕೊರತೆ ಇರುವ ಮಗುವಿಗೆ ಬುದ್ಧಿ ಕಡಿಮೆ ಎಂದೇನಿಲ್ಲ. ಹೇಳಿದ್ದನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವುದು, ಹೊತ್ತು ಎಷ್ಟಾಯಿತೆಂದು ಅಂದಾಜಿಸುವುದು ಅದಕ್ಕೆ ಕಷ್ಟ. ಜಗತ್ತಿನ ಮಕ್ಕಳಲ್ಲಿ ಸುಮಾರು ಶೇ. 5ರಷ್ಟು ಮಂದಿಗೆ ಈ ತೊಂದರೆ ಇದೆಯೆಂಬ ಅಂದಾಜಿದೆ. ಹಲವರಲ್ಲಿ ಆತಂಕವೂ ಜೊತೆಗೂಡುತ್ತದೆ. ದಿನಾ ಬೈಸಿಕೊಳ್ಳುವ ಮಗು ಕಪ್ಪು ಹಲಗೆಯ ಬಳಿ ಹೋಗಲೂ ಹೆದರುತ್ತದೆ.

ಮನಸ್ಸಿನಲ್ಲಿ ನಿಲ್ಲದ್ದನ್ನು ಕಣ್ಣೆದುರು ನಿಲ್ಲಿಸುವುದೇ ನೆರವಿನ ಸಾಧನದ ಕೆಲಸ. ‘ಇನ್ನು ಹತ್ತು ನಿಮಿಷ’ ಎಂಬ ಮಾತು ಗಾಳಿಗೆ ಹೋಗುತ್ತದೆ. ಮರಳು ಗಡಿಯಾರದಲ್ಲಿ ಇಳಿಯುವ ಮರಳು ಕಾಣುತ್ತಿರುತ್ತದೆ. ಪ್ರಾರ್ಥನೆ, ಗಣಿತ, ಬಿಸಿಯೂಟ, ಆಟ ಎಂದು ಚಿತ್ರದ ಕಾರ್ಡುಗಳನ್ನು ಸಾಲಾಗಿ ತೂಗುಹಾಕಿ, ಮುಗಿದದ್ದನ್ನು ಮಗುವೇ ತಿರುವಿಹಾಕಿದರೆ ಮುಂದೇನೆಂಬ ಅಂಜಿಕೆ ತಗ್ಗುತ್ತದೆ. ಟೀಚರ್ ರಜೆಯಲ್ಲಿದ್ದರೆ ಅದಕ್ಕೂ ಬೆಳಿಗ್ಗೆಯೇ ಒಂದು ಕಾರ್ಡು ಬೇಕು.

ಹೀಗೆ ಕಾರ್ಡು ಬಳಸುವುದು ಗದಗ ಜಿಲ್ಲೆಯ ಗಜೇಂದ್ರಗಡದ ಸರ್ಕಾರಿ ಶಾಲೆಗಳಿಗೆ ತೀರಾ ಹೊಸತಲ್ಲ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಶುರುವಾಗಿ 2009-10ರಿಂದ ರಾಜ್ಯದುದ್ದಕ್ಕೂ ಹಬ್ಬಿದ ‘ನಲಿ-ಕಲಿ’ ಕಲಿಕಾ ಪದ್ಧತಿಯಲ್ಲಿ ಪಾಠ ಚಿಕ್ಕ ಚಿಕ್ಕ ಕಾರ್ಡುಗಳಾಗಿ ಒಡೆದಿರುತ್ತದೆ. ಯಾವ ಮೆಟ್ಟಿಲಲ್ಲಿದ್ದೇನೆಂದು ಕಲಿಕಾ ಏಣಿ ತೋರಿಸುತ್ತದೆ. ಮಗು ತನ್ನ ವೇಗದಲ್ಲಿ ಹತ್ತುತ್ತದೆ, ಗುಂಪಿನಿಂದ ಗುಂಪಿಗೆ ಎದ್ದು ಹೋಗಲೂ ಅವಕಾಶವಿದೆ. ಗಮನ ಕೊರತೆಗೆಂದು ರೂಪಿಸಿದ್ದಲ್ಲವಾದರೂ ಆ ಮಕ್ಕಳಿಗೆ ಇಷ್ಟು ಒಗ್ಗುವ ತರಗತಿ ಅಪರೂಪ. ತೊಡಕೆಂದರೆ, ಇದು ಕೆಳಗಿನ ತರಗತಿಗಳಿಗಷ್ಟೇ. ನಾಲ್ಕನೆಯ ತರಗತಿಗೆ ಬರುವಷ್ಟರಲ್ಲಿ ಏಣಿ ಹೋಗಿ ಸಾಲು ಬೆಂಚು, ದಪ್ಪ ಪುಸ್ತಕ ಬಂದಿರುತ್ತವೆ.

ಓದಲು ತಡವರಿಸುವ ಮಗುವಿಗೆ ಕನ್ನಡ ಪಠ್ಯವನ್ನು ಗಟ್ಟಿಯಾಗಿ ಓದುವ ಮೊಬೈಲ್ ಸೌಲಭ್ಯ ಉಪಯುಕ್ತ. ಆದರೆ ಸಂದೇಶಗಳ ಸದ್ದು ನಿಲ್ಲಿಸದಿದ್ದರೆ ಆ ಮೊಬೈಲೇ ಗಮನ ಕೆಡಿಸುತ್ತದೆ. ನೇಕಾರರ ಊರಾದ ಗಜೇಂದ್ರಗಡದಲ್ಲಿ ಮಗ್ಗದ ಪಕ್ಕದಲ್ಲೇ ಹೋಮ್‌ವರ್ಕ್ ಬರೆಯಬೇಕಾದ ಮಗುವಿಗೆ ಸದ್ದು ತಡೆಯುವ ಕಿವಿಮುಚ್ಚುಗೆ ಹೆಚ್ಚು ಅನುಕೂಲ. ಬೆರಳಲ್ಲಿ ತಿರುಗಿಸುವ ಸ್ಪಿನ್ನರ್, ತೂಕದ ಅಂಗಿಗಳಿಂದ ಗಮನ ಹೆಚ್ಚುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಅವಕ್ಕೆ ದುಡ್ಡು ಸುರಿಯಬೇಕಿಲ್ಲ.

ಸಾಧನ ಕೊಳ್ಳುವ ಮೊದಲು ತಪಾಸಣೆ ಆಗಬೇಕು. ದೃಷ್ಟಿದೋಷ, ಶ್ರವಣದೋಷ, ಬರೀ ಆತಂಕ ಕೂಡ ಗಮನ ಕೊರತೆಯಂತೆಯೇ ಕಾಣಬಲ್ಲವು. ಲಕ್ಷಣಗಳು ಶಾಲೆಯಲ್ಲೂ ಮನೆಯಲ್ಲೂ ಆರು ತಿಂಗಳಾದರೂ ಕಂಡಿರಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಶಾಲಾ ತಪಾಸಣೆಯ ಪಟ್ಟಿಯಲ್ಲಿ ಎಡಿಎಚ್‌ಡಿಯೂ ಇದೆ. ಹೆಚ್ಚಿನ ಪರೀಕ್ಷೆಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತನಾಡಬಹುದು.