ಗಿಟಾರಿನ ದನಿಗೆ ತಾಮ್ರದ ಸುರುಳಿ

ಐವಾನ್-ಎ-ಶಾಹಿ ಕಡೆಯ ಮನೆಯೊಂದರಲ್ಲಿ ಮಗ ಎಲೆಕ್ಟ್ರಿಕ್ ಗಿಟಾರಿಗೆ ಬೇರೆ ಪಿಕಪ್ ಮಾಡಿಸಬೇಕೆಂದು ಹಟ ಹಿಡಿದರೆ ಅಪ್ಪ ರೇಗುವುದು ಸಹಜವೇ. ಆದರೆ ಇದು ಬರೀ ಷೋಕಿಯಲ್ಲ. ಪಿಕಪ್ಪಿನಲ್ಲಿರುವುದು ಅಯಸ್ಕಾಂತ, ಅದರ ಸುತ್ತ ತಲೆಗೂದಲಿನಂಥ ತಾಮ್ರದ ಎಳೆಯ ಸಾವಿರಾರು ಸುತ್ತು. ಮೇಲೆ ಉಕ್ಕಿನ ತಂತಿ ಮಿಡಿದರೆ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಫ್ಯಾರಡೆ 1831ರಲ್ಲಿ ಕಂಡ, ಪಿಯುಸಿ ಹುಡುಗರು ಉರು ಹೊಡೆಯುವ ಪಾಠವೇ ಇದು!

ಸುತ್ತು ಹೆಚ್ಚಿದರೆ ದನಿ ಜೋರು, ದಪ್ಪ, ಕಡಿಮೆಯಾದರೆ ತಿಳಿ. ಒಂಟಿ ಸುರುಳಿ ಮನೆಯ ವಿದ್ಯುತ್ತಿನ ಗುಂಯ್‌ಗುಡುವಿಕೆಯನ್ನೂ ಹಿಡಿಯುತ್ತದೆ. ಅದನ್ನು ಅಡಗಿಸಲೆಂದೇ ಅಮೆರಿಕದ ಸೆತ್ ಲವರ್ 1955ರಲ್ಲಿ ಜೋಡಿ ಸುರುಳಿ ರೂಪಿಸಿದರು.

ಮಾಡಿಸುವುದಾದರೆ ತಂತಿಗಳ ನಡುವಿನ ಅಂತರ ಅಳೆದುಕೊಡಿ, ಬೇಕಾದ ದನಿ ಕೇಳಿಸಿ. ಅದಕ್ಕೂ ಮೊದಲು ಹೊಸ ತಂತಿ ಹಾಕಿ, ಈಗಿರುವ ಪಿಕಪ್ಪಿನ ಸ್ಕ್ರೂ ತಿರುಗಿಸಿ ಎತ್ತರ ಬದಲಿಸಿ ನೋಡಿ. ಎಷ್ಟೋ ಸಲ ಖರ್ಚು ಅಲ್ಲಿಗೇ ನಿಲ್ಲುತ್ತದೆ.