ಎದೆಯ ಗಂಟು: ಸೂಜಿಗೆ ಮೊದಲು ಚಿತ್ರ

ಟಿಕೋಟಾ ತಾಲೂಕಿನ ಹೊನವಾಡದಲ್ಲಿ ಒಬ್ಬ ಗೃಹಿಣಿಗೆ ಮೀಯುವಾಗ ಸ್ತನದಲ್ಲಿ ಅವರೆಕಾಳಿನಷ್ಟು ಗಂಟು ಕೈಗೆ ತಗುಲಿತೆಂದು ಎಣಿಸೋಣ. ನಾಚಿಕೆಯಿಂದ ಆಕೆಯು ಯಾರಿಗೂ ಹೇಳದೆ ಸುಗ್ಗಿ ಮುಗಿಯಲೆಂದು ಕಾಯುವುದುಂಟು. ಹೇಳಿದರೆ ಮನೆಯವರು ಕ್ಯಾನ್ಸರೇ ಸರಿಯೆಂದು ಕಣ್ಣೀರಿಡುವುದೂ ಉಂಟು. ಇವೆರಡೂ ಉಚಿತವಲ್ಲ. ಇಂತಹ ಗಂಟುಗಳಲ್ಲಿ ಬಹುಪಾಲು ನಿರಪಾಯವಾದವು. ಆದರೆ ಯಾವುದು ನಿರಪಾಯವೆಂಬುದನ್ನು ಕೈಯಿಂದ ಮುಟ್ಟಿ ನಾವೇ ನಿರ್ಣಯಿಸಲಾಗದು.

ಕೊನೆಯ ನಿರ್ಣಯವು ಬಯಾಪ್ಸಿಯದು. ಅಂದರೆ ಗಂಟಿನ ಚೂರನ್ನು ಸೂಜಿಯಿಂದ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಸೂಜಿ ತಗುಲಿದರೆ ರೋಗವು ಕೆರಳುವುದೆಂಬ ಭಯವು ನಿರಾಧಾರವಾದುದು. ಆದರೂ ನೋವು, ಖರ್ಚು, ಫಲಿತಾಂಶ ಬರುವವರೆಗಿನ ಕಳವಳ ಇವು ಸಣ್ಣವಲ್ಲ. ಬೇಡದೆಡೆಯಲ್ಲಿ ಅದನ್ನು ತಪ್ಪಿಸುವ ಉಪಾಯವು ಒಳ್ಳೆಯ ಚಿತ್ರಣವೇ.

1913ರಲ್ಲಿ ಬರ್ಲಿನ್ನಿನ ಶಸ್ತ್ರವೈದ್ಯನಾದ ಆಲ್ಬರ್ಟ್ ಸಾಲೊಮನ್ನನು ಶಸ್ತ್ರಕ್ರಿಯೆಯಲ್ಲಿ ತೆಗೆದ ಸುಮಾರು 3,000 ಸ್ತನಗಳನ್ನು ಕ್ಷ-ಕಿರಣದಿಂದ ಪರೀಕ್ಷಿಸಿದನು. ಇಂದಿನ ಮ್ಯಾಮೊಗ್ರಫಿಗೆ ಅದೇ ಮೂಲ. ಆದರೆ ತರುಣಿಯರ ದಟ್ಟವಾದ ಸ್ತನವೂ ಗಂಟೂ ಚಿತ್ರದಲ್ಲಿ ಒಂದೇ ಬಿಳುಪು. ಬಿಳಿಯ ಅರಿವೆಯ ಮೇಲೆ ಅರಳೆಯನ್ನು ಹುಡುಕಿದಂತೆ. ಒಂದರ ಮೇಲೊಂದು ಬಿದ್ದ ಅಂಗಾಂಶವು ಇಲ್ಲದ ಗಂಟನ್ನು ತೋರುವುದೂ ಉಂಟು. ಈ ಭ್ರಮೆಯನ್ನು ನೀಗಲು ಹಲವು ಕೋನಗಳಿಂದ ಪದರಪದರವಾಗಿ ಚಿತ್ರ ತೆಗೆಯುವ ಟೊಮೊಸಿಂಥೆಸಿಸ್ ಬಂದಿದೆ.

ಕಿರಣಗಳಿಲ್ಲದ ಅಲ್ಟ್ರಾಸೌಂಡ್ ಬರಿಯ ನೀರುಗುಳ್ಳೆ ಯಾವುದು, ಗಟ್ಟಿಯಾದ ಗಂಟು ಯಾವುದು ಎಂಬುದನ್ನು ಬೇರ್ಪಡಿಸುತ್ತದೆ. 1995ರಲ್ಲಿ ಪ್ರಕಟವಾದ ಅಮೆರಿಕದ ವೈದ್ಯ ಸ್ಟಾವ್ರೋಸರ ಅಧ್ಯಯನದಲ್ಲಿ 750 ಗಟ್ಟಿ ಗಂಟುಗಳನ್ನು ಆಕಾರ, ಅಂಚುಗಳಿಂದ ವಿಂಗಡಿಸಿ, ಬಳಿಕ ಬಯಾಪ್ಸಿಯಿಂದ ಪರೀಕ್ಷಿಸಲಾಯಿತು. ನಿರಪಾಯವೆಂದು ಎಣಿಸಿದ 400ಕ್ಕೂ ಮಿಕ್ಕಿದವುಗಳಲ್ಲಿ 2 ಮಾತ್ರ ಕ್ಯಾನ್ಸರಾಗಿದ್ದವು.

ಆದಕಾರಣ ವೈದ್ಯರು ಚಿತ್ರಗಳಿಗೆ ಬೈರಾಡ್ಸ್ ಎಂಬ ದರ್ಜೆಯನ್ನು ಕೊಡುವರು. 3ನೆಯ ದರ್ಜೆಯಲ್ಲಿ ಕ್ಯಾನ್ಸರಿನ ಸಂಭವವು ನೂರಕ್ಕೆ 2ಕ್ಕಿಂತ ಹೆಚ್ಚಿಲ್ಲ. ಸಾಮಾನ್ಯವಾಗಿ ಸೂಜಿ ಬೇಡ, 6 ತಿಂಗಳಿಗೆ ಮರಳಿ ನೋಡಿದರೆ ಸಾಕು. 4 ಮತ್ತು 5ನೆಯ ದರ್ಜೆಗೆ ಬಯಾಪ್ಸಿಯೇ ತಕ್ಕುದು, ಅಲ್ಲಿ ಹಿಂಜರಿಯಬಾರದು.

ಮನೆಯವರು ಮಾಡತಕ್ಕದ್ದು ಇಷ್ಟೇ. ಗಂಟು ಕಂಡೊಡನೆ ವಿಜಯಪುರಕ್ಕೆ ಕರೆದೊಯ್ಯಿರಿ. ಚಿತ್ರಗಳನ್ನೂ ವರದಿಗಳನ್ನೂ ಹೊಲದ ಕಾಗದಪತ್ರಗಳಂತೆ ಜೋಪಾನವಾಗಿಡಿರಿ; ಹಳೆಯ ಚಿತ್ರದೊಡನೆ ಹೋಲಿಸಿ ಗಂಟು ಬದಲಾಗಿಲ್ಲವೆಂದು ತಿಳಿದರೆ ಎಷ್ಟೋ ವೇಳೆ ಸೂಜಿಯೇ ಬೇಕಾಗದು. 6 ತಿಂಗಳಿಗೆ ಬರಹೇಳಿದ್ದನ್ನು ಮಾತ್ರ ಮರೆಯದಿರಿ. ಸೂಜಿಯನ್ನು ತಪ್ಪಿಸಿದ ಚಿತ್ರಕ್ಕೆ ಆ ಎರಡನೆಯ ಭೇಟಿಯೇ ಹೊಣೆ.