ಗುಡುಗುವ ಗಂಟಲು, ಕುದುರೆ ತಲೆಯ ವಾದ್ಯ

ಮಂಗೋಲಿಯಾದ ‘ದಿ ಹೂ’ ರಾಕ್ ತಂಡ 2022ರ ಸೆಪ್ಟೆಂಬರ್‌ನಲ್ಲಿ ‘ರಂಬಲ್ ಆಫ್ ಥಂಡರ್’ ಎಂಬ ಎರಡನೇ ಆಲ್ಬಂ ಹೊರತಂದಾಗ, ಅದಕ್ಕಾಗಿ ಕಾದಿದ್ದ ಯುರೋಪು, ಅಮೆರಿಕದ ಕೇಳುಗರಲ್ಲಿ ಬಹುಪಾಲು ಮಂದಿಗೆ ಹಾಡಿನ ಒಂದು ಪದವೂ ಅರ್ಥವಾಗುತ್ತಿರಲಿಲ್ಲ. ಹಾಡುಗಳೆಲ್ಲ ಮಂಗೋಲಿಯನ್ ಭಾಷೆಯವು. ಆದರೂ 2018ರಲ್ಲಿ ಯೂಟ್ಯೂಬಿಗೆ ಬಂದ ‘ಯುವೆ ಯುವೆ ಯು’, ‘ವುಲ್ಫ್ ಟೋಟೆಮ್’ ಹಾಡುಗಳನ್ನು ಕೋಟ್ಯಂತರ ಸಲ ಜನ ನೋಡಿದ್ದರು. ಮರುವರ್ಷ ‘ದಿ ಗೆರೆಗ್’ ಎಂಬ ಮೊದಲ ಆಲ್ಬಂ ಬಂತು. 2022ರಲ್ಲಿ ತಂಡ ಅಮೆರಿಕದ ಕೋಚೆಲ್ಲಾ ಸಂಗೀತೋತ್ಸವದ ವೇದಿಕೆಯನ್ನೂ ಏರಿತು. ಇದಕ್ಕೆ ಕಾರಣ ಬರೀ ಕುತೂಹಲವಲ್ಲ, ನಾದದ ಹೊಂದಾಣಿಕೆ ಎಂಬುದು ನನ್ನ ವಾದ. ಖೂಮಿ ಎನ್ನುವ ಅಲ್ಲಿನ ಗಂಟಲು ಗಾಯನದಲ್ಲಿ ಒಬ್ಬನೇ ಗಾಯಕ ಕೆಳಗೊಂದು ಗುಂಯ್‌ಗುಡುವ ಶ್ರುತಿ ಹಿಡಿದು, ಮೇಲೆ ಸಿಳ್ಳಿನಂಥ ಇನ್ನೊಂದು ಸ್ವರ ಹೊರಡಿಸುತ್ತಾನೆ. ಅದರದೇ ಒರಟು ಪ್ರಕಾರಕ್ಕೂ ಹೆವಿ ಮೆಟಲ್ ಗಾಯಕರ ಗುರುಗುಟ್ಟುವಿಕೆಗೂ ಅಂತರ ತೀರಾ ಕಡಿಮೆ. ಕುದುರೆಕೂದಲಿನ ಎರಡೇ ತಂತಿಗಳನ್ನು ಕಮಾನಿನಿಂದ ನುಡಿಸುವ, ತುದಿಯಲ್ಲಿ ಕುದುರೆ ತಲೆಯ ಕೆತ್ತನೆಯಿರುವ ಮೊರಿನ್ ಖೂರ್ ಇಲ್ಲಿ ಗಿಟಾರಿನ ಮಗ್ಗುಲಲ್ಲಿ ನಿಲ್ಲುತ್ತದೆ. ಹಲ್ಲಿಗೆ ಒತ್ತಿ ಮೀಟುವ ಇನ್ನೊಂದು ವಾದ್ಯವಂತೂ ನಮ್ಮ ಮೋರ್ಸಿಂಗಿನ ದಾಯಾದಿ. ಹಾಗಾಗಿ ಇವರ ಸಂಗೀತ ಜನಪದಕ್ಕೆ ರಾಕ್ ತೇಪೆ ಹಾಕಿದ್ದಲ್ಲ.

ಚರ್ಮದ ಅಂಗಿ, ಜಡೆ, ಚೆಂಗಿಸ್ ಖಾನನ ಸ್ಮರಣೆ ಇವೆಲ್ಲ ಪಶ್ಚಿಮದವರ ಕಣ್ಣಿಗೆ ಒಡ್ಡಿದ ವೇಷವಲ್ಲವೇ ಎಂಬ ಆಕ್ಷೇಪವಿದೆ. ವೇಷ ಹೌದು, ಅಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ರಾಕ್ ಸಂಗೀತದಲ್ಲಿ ವೇಷ ಕಟ್ಟದವರು ಯಾರಿದ್ದಾರೆ? ಪೂರ್ವಜರ ವೈಭವ ಮಾರುತ್ತಾರೆ ಎನ್ನುವ ದೂರು ಇನ್ನೂ ಗಂಭೀರವಾದದ್ದು. ಅದಕ್ಕೆ ಉತ್ತರ ಅವರ ಹಾಡುಗಳಲ್ಲೇ ಇದೆ. ‘ಯುವೆ ಯುವೆ ಯು’ ಶುರುವಾಗುವುದೇ ತಿಂದು ಕುಡಿದು ಮೈಮರೆತು, ಹಿರಿಯರ ಹೆಸರು ಹೇಳಿಕೊಂಡು ಜಂಬ ಕೊಚ್ಚುವವರನ್ನು ಹಂಗಿಸುತ್ತಾ. ಎರಡನೇ ಆಲ್ಬಂನಲ್ಲಿ ‘ತಾತಾರ್ ವಾರಿಯರ್’ ಇದೆ, ನಿಜ. ಜೊತೆಗೇ ಅಲೆಮಾರಿಗಳು ಡೇರೆಯೊಳಗಿನ ಇಕ್ಕಟ್ಟಿನಲ್ಲಿ ಭುಜ, ಕೈಗಳಿಂದಲೇ ಆಡುವ ಜನಪದ ಕುಣಿತದ ಹೆಸರಿನ ‘ಬೀ ಬಿಯೆಲ್ಗೀ’ ಇದೆ. ‘ಮದರ್ ನೇಚರ್’ ಇದೆ. ಚೆಂಗಿಸ್ ಖಾನನ ಕಾಲದ ಮುಖ್ಯ ನ್ಯಾಯಾಧೀಶ ಶಿಹಿ ಹುತುಗನ ಹೆಸರಿನ ಹಾಡೂ ಇದೆ. ಬರೀ ಕತ್ತಿ ಝಳಪಿಸುವ ತಂಡಕ್ಕೆ ನ್ಯಾಯಾಧೀಶನ ನೆನಪು ಯಾಕೆ ಬೇಕಿತ್ತು?

ನನ್ನ ತಕರಾರು ಬೇರೆ. ಮಂಗೋಲಿಯಾದ ಸಂಗೀತದಲ್ಲಿ ಕುದುರೆಯ ನಡಿಗೆ, ನಾಗಾಲೋಟ ಎರಡೂ ಇವೆ. ಇವರ ಎಷ್ಟೋ ಹಾಡುಗಳು ಮಾತ್ರ ಸೈನ್ಯದ ಕವಾಯತಿನ ಒಂದೇ ಲಯಕ್ಕೆ ಕಟ್ಟುಬಿದ್ದಿವೆ. ಎರಡೂ ಆಲ್ಬಂಗಳನ್ನು ಒಟ್ಟಿಗೆ ಕೇಳಿದರೆ ದಣಿವಾಗುವುದು ಭಾಷೆ ಬಾರದ್ದರಿಂದಲ್ಲ, ವೇಷದಿಂದಲೂ ಅಲ್ಲ, ಈ ಏಕತಾನತೆಯಿಂದ.